ಪರದೆಯಲ್ಲಿ 40, ಚರ್ಮಕ್ಕೆ ಎಷ್ಟು?

"ಸರ್, ಮಿಷನ್ ಎಲ್ಲಾ ಸರಿಯಾಗೇ ತೋರಿಸ್ತಿದೆ. ಆದ್ರೆ ಮೊದಲಿನ ಹಾಗೆ ಕೂದಲು ಉದುರ್ತಿಲ್ಲ."

ಚಿಕ್ಕಮಗಳೂರಿನ ಒಂದು ಚರ್ಮದ ಕ್ಲಿನಿಕ್ಕಿನಿಂದ ಬಂದ ಫೋನು. ಮಿಷನ್ ಅಂದರೆ ಕೂದಲು ತೆಗೆಯುವ ಲೇಸರ್ ಯಂತ್ರ. ಇಂಥ ಫೋನು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, "ಈಗ ಎಷ್ಟಕ್ಕೆ ಇಡ್ತಿದ್ದೀರಿ, ಹೋದ ವರ್ಷ ಎಷ್ಟಕ್ಕೆ ಇಡ್ತಿದ್ರಿ?" ಆ ಕಡೆಯಿಂದ ಬಂದ ಉತ್ತರ: "ಮೊದಲು 30 ಸರ್. ಆಮೇಲೆ 34. ಈಗ 40 ಇಟ್ರೆ ಪರವಾಗಿಲ್ಲ." ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿವರೆಗೆ ಯಾರಿಗೂ ಲೇಸರ್ ಹೊಡೆಯಬೇಡಿ ಅಂದೆ. ಅವರಿಗೆ ಆಶ್ಚರ್ಯ. ಕಮ್ಮಿ ಕೆಲಸ ಮಾಡುವ ಯಂತ್ರದಿಂದ ಏನು ಅಪಾಯ? ಅಪಾಯ ಇದೆ. ಅದನ್ನು ಬಿಡಿಸಿ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ಹಾಸನದಲ್ಲಿ. ಆಸ್ಪತ್ರೆ, ಕ್ಲಿನಿಕ್ಕುಗಳ ಲೇಸರ್ ಯಂತ್ರಗಳನ್ನು ರಿಪೇರಿ ಮಾಡುವುದು, ಅಳತೆ ಸರಿಪಡಿಸುವುದು ನನ್ನ ಕಸುಬು. ಕಾರಿನ ಹಿಂಬದಿಯಲ್ಲಿ ಸದಾ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ, ಅದರೊಳಗೆ ಎನರ್ಜಿ ಮೀಟರ್. ಬೇಲೂರು, ಚಿಕ್ಕಮಗಳೂರು, ಸಕಲೇಶಪುರ ಅಂತ ತಿಂಗಳಿಗೆ ಒಂದು ಸುತ್ತು. ಕೂದಲು ತೆಗೆಯುವ ಲೇಸರ್, ಹಚ್ಚೆ ಅಳಿಸುವ ಲೇಸರ್, ಬಂಗು, ಮಚ್ಚೆಗಳ ಲೇಸರ್ ಈಗ ದೊಡ್ಡ ಊರಿನ ಸೊತ್ತಾಗಿ ಉಳಿದಿಲ್ಲ. ಮದುವೆ ಗೊತ್ತಾದ ಹುಡುಗಿಯರು ಆಲೂರಿನಿಂದ ಬಸ್ಸು ಹತ್ತಿ ಬಂದು ಮಾಡಿಸಿಕೊಂಡು ಹೋಗುತ್ತಾರೆ. ಆ ಪರದೆಯ ಮೇಲಿನ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಅವರಿಗೂ ಗೊತ್ತಿರಬೇಕು.

ಆ ಅಂಕಿ ಒಂದು ಆಜ್ಞೆ ಅಷ್ಟೇ. "ಇಷ್ಟು ಕೊಡು" ಅಂತ ನಾವು ಯಂತ್ರಕ್ಕೆ ಹೇಳಿದ್ದೇವೆ. ಅದು ಅಷ್ಟು ಕೊಟ್ಟಿತೋ ಇಲ್ಲವೋ ಅನ್ನುವುದು ಬೇರೆಯೇ ಮಾತು. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಅಲ್ಲಿ ಕೂತು, ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ನಡೆಸುತ್ತಾರೆ. ಅಲ್ಲಿ ಆಜ್ಞೆ ಹೋಗುವ ದಾರಿಯೇ ಬೇರೆ, ಉಪಗ್ರಹ ತನ್ನ ಸ್ಥಿತಿಯನ್ನು ತಿರುಗಿ ಹೇಳುವ ಟೆಲಿಮೆಟ್ರಿಯೇ ಬೇರೆ. ಆಜ್ಞೆ ಕಳಿಸಿದೆವು, ಆದ್ದರಿಂದ ಕೆಲಸ ಆಗಿದೆ ಅಂತ ಅಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ನಮ್ಮ ಕ್ಲಿನಿಕ್ಕುಗಳಲ್ಲಿ ಮಾತ್ರ ದಿನವೂ ಹಾಗೇ ಅಂದುಕೊಳ್ಳುತ್ತೇವೆ.

ಹಾಗಾದರೆ ಅಳೆಯುವುದು ಏನನ್ನು? ಮೊದಲಿಗೆ ಶಕ್ತಿಯನ್ನು. ಅದರ ಮಾನ ಜೂಲ್. ನೂರು ಗ್ರಾಂ ತೂಕದ ವಸ್ತುವನ್ನು ಒಂದು ಮೀಟರ್ ಮೇಲೆತ್ತಲು ಹೆಚ್ಚು ಕಮ್ಮಿ ಒಂದು ಜೂಲ್ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಜೂಲ್. ಹೀಗೆ ಹೇಳಿದರೆ ಜೂಲ್ ಬಹಳ ಸಣ್ಣದು ಅನ್ನಿಸುತ್ತದೆ. ಆದರೆ ಚರ್ಮಕ್ಕೆ ಮುಖ್ಯವಾದದ್ದು ಒಟ್ಟು ಎಷ್ಟು ಜೂಲ್ ಅನ್ನುವುದಲ್ಲ, ಎಷ್ಟು ಜಾಗದ ಮೇಲೆ ಬಿತ್ತು ಅನ್ನುವುದು. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಎಂಬ ಈ ಲೆಕ್ಕಕ್ಕೆ ಫ್ಲೂಯೆನ್ಸ್ ಅನ್ನುತ್ತಾರೆ. ಫೋನಿನಲ್ಲಿ ಅವರು ಹೇಳಿದ 30, 34, 40 ಎಲ್ಲವೂ ಫ್ಲೂಯೆನ್ಸ್ ಅಂಕಿಗಳೇ.

ಜನ ಎಡವುವುದು ಇಲ್ಲೇ. ಕೈಯಲ್ಲಿ ಹಿಡಿದು ಚರ್ಮದ ಮೇಲಿಡುವ ಹ್ಯಾಂಡ್‌ಪೀಸಿನ ತುದಿಯಿಂದ ಬೀಳುವ ಬೆಳಕಿನ ದುಂಡು 10 ಮಿಲಿಮೀಟರ್ ಅಗಲ ಇದ್ದರೆ ಅದರ ವಿಸ್ತೀರ್ಣ 0.785 ಚದರ ಸೆಂಟಿಮೀಟರ್. ಅಗಲವನ್ನು 5 ಮಿಲಿಮೀಟರಿಗೆ ಇಳಿಸಿದರೆ ವಿಸ್ತೀರ್ಣ ಅರ್ಧ ಆಗುವುದಿಲ್ಲ, ಕಾಲು ಆಗುತ್ತದೆ. ಅದೇ 10 ಜೂಲ್ ಶಕ್ತಿ ಮೊದಲನೆಯದರಲ್ಲಿ ಚದರ ಸೆಂಟಿಮೀಟರಿಗೆ 12.7 ಆಗಿ ಬಿದ್ದರೆ ಎರಡನೆಯದರಲ್ಲಿ 51 ಆಗಿ ಬೀಳುತ್ತದೆ. ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬಿದ್ದೀತು. ಸಣ್ಣ ತಪ್ಪೇ ಕಣ್ಣಿಗೆ ಬೀಳದೆ ಉಳಿಯುವುದು. 10 ಅಂತ ತಿಳಿದುಕೊಂಡ ದುಂಡು ನಿಜವಾಗಿ 9 ಮಿಲಿಮೀಟರ್ ಇದ್ದರೆ ಫ್ಲೂಯೆನ್ಸ್ ಶೇ. 23ರಷ್ಟು ಏರುತ್ತದೆ. ಮೀಟರಿನಲ್ಲಿ ಜೂಲ್ ಲೆಕ್ಕ ತಾಳೆಯಾಗಿರುತ್ತದೆ, ಚರ್ಮ ಮಾತ್ರ ಸುಡುತ್ತದೆ.

ದುಂಡು ಸರಿಯಾದ ಅಗಲಕ್ಕೇ ಇದ್ದರೂ ಅದರೊಳಗೆ ಬೆಳಕು ಸಮನಾಗಿ ಹರಡಿರಬೇಕು. ದೋಸೆ ಕಾವಲಿ ನೆನಪು ಮಾಡಿಕೊಳ್ಳಿ. ಒಲೆಯ ಉರಿ ನಡುವಿಗೆ ಮಾತ್ರ ತಾಗಿದರೆ ಅಂಚು ಹಸಿ, ನಡು ಸೀದು. ಲೇಸರಿನ ಕನ್ನಡಿ ಸ್ವಲ್ಪ ಓರೆಯಾದರೂ ಹೀಗೇ ಆಗುತ್ತದೆ. ಅದನ್ನು ಹಿಡಿಯಲು ಶಾಖಕ್ಕೆ ಬಣ್ಣ ಬದಲಿಸುವ ವಿಶೇಷ ಕಾಗದದ ಮೇಲೆ ಒಂದು ಹೊಡೆತ ಹೊಡೆದು ನೋಡುತ್ತೇವೆ. ಗುರುತು ಅಂಚಿನಿಂದ ಅಂಚಿಗೆ ಒಂದೇ ಬಣ್ಣ ಇರಬೇಕು. ಒಂದು ಕಡೆ ಅರ್ಧಚಂದ್ರ ಮೂಡಿದರೆ ಮೀಟರ್ ಹೊರಗೆ ತೆಗೆಯುವ ಮೊದಲೇ ನನಗೆ ಕೆಲಸ ಸಿಕ್ಕಿದ ಹಾಗೆ.

ಮೂರನೆಯದು ಕಾಲ. ಮಲೆನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಒಂದಿಂಚು ಮಳೆ ಇಡೀ ದಿನ ಸೋನೆಯಾಗಿ ಸುರಿದರೆ ಕಾಫಿ ಗಿಡದ ಬುಡ ತಣಿಯುತ್ತದೆ. ಅದೇ ಒಂದಿಂಚು ಅರ್ಧ ಗಂಟೆಯಲ್ಲಿ ಬಡಿದರೆ ಮಣ್ಣೇ ಕೊಚ್ಚಿಕೊಂಡು ಹೋಗುತ್ತದೆ. ಕೂದಲು ತೆಗೆಯುವ ಲೇಸರ್ ತನ್ನ ಶಕ್ತಿಯನ್ನು ಕೆಲವು ಮಿಲಿಸೆಕೆಂಡುಗಳಿಂದ ಹತ್ತಾರು ಮಿಲಿಸೆಕೆಂಡುಗಳ ಅವಧಿಯಲ್ಲಿ ಬಿಡುತ್ತದೆ, ಕೂದಲಿನ ಬುಡ ಕಾದು ಸಾಯುವಷ್ಟು ಹೊತ್ತು. ಹಚ್ಚೆ ತೆಗೆಯುವ ಕ್ಯೂ-ಸ್ವಿಚ್ ಲೇಸರ್ ಕೆಲವೇ ನ್ಯಾನೋಸೆಕೆಂಡಿನಲ್ಲಿ (ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಎಲ್ಲವನ್ನೂ ಸುರಿಯುತ್ತದೆ. ಅರ್ಧ ಜೂಲ್ ಶಕ್ತಿಯನ್ನು 5 ನ್ಯಾನೋಸೆಕೆಂಡಿನಲ್ಲಿ ಬಿಟ್ಟರೆ ಆ ಕ್ಷಣದ ಪವರ್ 10 ಕೋಟಿ ವಾಟ್. ಆ ಹೊಡೆತಕ್ಕೆ ಶಾಯಿಯ ಕಣ ಒಡೆದು ಪುಡಿಯಾಗುತ್ತದೆ.

ಯಾವ ಬಣ್ಣದ (ಅಂದರೆ ಯಾವ ತರಂಗಾಂತರದ) ಬೆಳಕು, ಎಷ್ಟು ಹೊತ್ತು, ಎಷ್ಟು ಫ್ಲೂಯೆನ್ಸ್ ಅನ್ನುವುದನ್ನು ಆರಿಸಿಕೊಂಡರೆ ಪಕ್ಕದ ಚರ್ಮವನ್ನು ಉಳಿಸಿ ಬೇಕಾದದ್ದನ್ನಷ್ಟೇ ಸುಡಬಹುದು. ಈ ತತ್ವವನ್ನು ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ವಿವರಿಸಿದರು. ಥಿಯೋಡೋರ್ ಮೈಮನ್ 1960ರ ಮೇ ತಿಂಗಳಲ್ಲಿ ಮೊದಲ ಲೇಸರ್ ಬೆಳಗಿಸಿದ 23 ವರ್ಷದ ಮೇಲೆ. ಇವತ್ತಿನ ಕಾಸ್ಮೆಟಿಕ್ ಲೇಸರುಗಳೆಲ್ಲ ಆ ಲೆಕ್ಕದ ಮೇಲೆಯೇ ನಿಂತಿವೆ. ಅದರಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಕೂದಲಲ್ಲಿ ಬೆಳಕನ್ನು ಹೀರುವ, ಮೆಲನಿನ್ ಅನ್ನುವ ಕಪ್ಪು ಬಣ್ಣದ ವಸ್ತು ನಮ್ಮ ಚರ್ಮದಲ್ಲೂ ಧಾರಾಳವಾಗಿದೆ. ಬಿಳಿಯ ಚರ್ಮದವರಲ್ಲಿ ಕೆಲಸ ಮಾಡುವ ಫ್ಲೂಯೆನ್ಸಿಗೂ ಸುಡುವ ಫ್ಲೂಯೆನ್ಸಿಗೂ ನಡುವೆ ಅಗಲವಾದ ರಸ್ತೆ ಇದ್ದರೆ, ನಮಗೆ ಅದು ಗದ್ದೆಯ ಬದು. ಅದಕ್ಕೇ ನಮ್ಮಲ್ಲಿ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರನ್ನು ಹೆಚ್ಚು ನಂಬುತ್ತಾರೆ, ಮೆಲನಿನ್ ಆ ಬೆಳಕನ್ನು ಕಮ್ಮಿ ಹೀರುತ್ತದೆ. ಆದರೂ ಬದು ಬದುವೇ. ಕಾಲಿಡುವವನಿಗೆ ಅಳತೆ ಗೊತ್ತಿರಬೇಕು.

ಶಕ್ತಿ ಎಲ್ಲಿ ಸೋರುತ್ತದೆ

ಯಂತ್ರದ ಹೊಟ್ಟೆಯೊಳಗೂ ಒಂದು ಸೆನ್ಸರ್ ಇರುತ್ತದೆ. ಲೇಸರ್ ಕಿರಣದ ಒಂದು ಚೂರನ್ನು ಗಾಜಿನ ತುಂಡಿನಿಂದ ಪಕ್ಕಕ್ಕೆ ತಿರುಗಿಸಿ ಅದಕ್ಕೆ ತೋರಿಸುತ್ತಾರೆ. "ಯಂತ್ರ ತಾನೇ ಅಳೆದುಕೊಳ್ಳುತ್ತಲ್ಲ" ಅಂತ ಅನೇಕರು ನನ್ನ ಹತ್ತಿರ ವಾದಿಸಿದ್ದಾರೆ. ಅಳೆದುಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಅದು ನೋಡುವುದು ಕಿರಣ ಹೊರಡುವ ಜಾಗದಲ್ಲಿ. ಅಲ್ಲಿಂದ ಮುಂದೆ ಫೈಬರ್ ಇದೆ, ಇಲ್ಲವೇ ಕನ್ನಡಿಗಳಿರುವ ತೋಳು ಇದೆ, ಆಮೇಲೆ ಹ್ಯಾಂಡ್‌ಪೀಸಿನ ಲೆನ್ಸು, ಕೊನೆಗೆ ಚರ್ಮಕ್ಕೆ ಮುಖ ಮಾಡಿದ ಗಾಜಿನ ಕಿಟಕಿ. ಕೆರೆಯ ತೂಬಿನಲ್ಲಿ ನಿಂತು ಅಳೆದ ನೀರು ಕೊನೆಯ ಗದ್ದೆಗೆ ಅಷ್ಟೇ ಮುಟ್ಟುತ್ತದೆಯೇ?

ಹೆಚ್ಚು ಸೋರುವುದು ಆ ಕೊನೆಯ ಕಿಟಕಿಯಲ್ಲೇ. ಪ್ರತಿ ಹೊಡೆತಕ್ಕೂ ಚೂರು ಕೂದಲು ಕರಟಿ ಹಾರಿ ಗಾಜಿಗೆ ಅಂಟುತ್ತದೆ. ಜೆಲ್ಲು ಒಣಗಿ ಪೊರೆ ಕಟ್ಟುತ್ತದೆ. ಮೊದಲು ಒಂದು ಮಸುಕು, ಆಮೇಲೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಬೆಳಕನ್ನು ಹೀರಿ ಕಾಯುತ್ತದೆ, ಗಾಜನ್ನೇ ಸುಡುತ್ತದೆ, ಚುಕ್ಕೆ ಇನ್ನೂ ದೊಡ್ಡದಾಗುತ್ತದೆ. ಮಲೆನಾಡಿನ ಮಳೆಗಾಲ ಇದಕ್ಕೆ ಸಹಾಯ ಮಾಡುತ್ತದೆ. ಚರ್ಮ ತಂಪಾಗಿರಲಿ ಅಂತ ಹ್ಯಾಂಡ್‌ಪೀಸಿನ ತುದಿಯನ್ನು ತಣ್ಣಗಿಟ್ಟಿರುತ್ತಾರೆ. ಆಷಾಢದಲ್ಲಿ ಸಕಲೇಶಪುರದ ಗಾಳಿಗೆ, ತಣ್ಣೀರಿನ ಚೊಂಬು ಬೆವರುವ ಹಾಗೆ ಆ ಗಾಜೂ ಬೆವರುತ್ತದೆ. ಒದ್ದೆ ಗಾಜಿಗೆ ಧೂಳು ಕೂರುವುದು ಸಲೀಸು.

ಇನ್ನು ಲೇಸರಿಗೆ ಶಕ್ತಿ ಊಡುವ ಫ್ಲ್ಯಾಶ್ ಲ್ಯಾಂಪ್. ಸಾವಿರಾರು ಹೊಡೆತಗಳಾದ ಮೇಲೆ ಅದರ ಗಾಜು ಕಪ್ಪಾಗುತ್ತದೆ, ಬೆಳಕು ಇಳಿಯುತ್ತದೆ. ತಂಪುಗೊಳಿಸುವ ನೀರು ಕೊಳೆತರೂ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಅನಿಲದ ಸಿಒ2 ಲೇಸರಾದರೆ ಘಾಟಿ ರಸ್ತೆಯಲ್ಲಿ ಕುಲುಕಾಡಿ ಬಂದ ಮೇಲೆ ತೋಳಿನ ಕನ್ನಡಿಗಳು ಜರುಗಿರುತ್ತವೆ. ಕೆಂಪು ಗುರಿದೀಪ ಒಂದು ಕಡೆ, ಕಣ್ಣಿಗೆ ಕಾಣದ ನಿಜವಾದ ಕಿರಣ ಇನ್ನೊಂದು ಕಡೆ. ಒದ್ದೆ ಮಾಡಿದ ಮರದ ಪಟ್ಟಿಯ ಮೇಲೆ ಒಂದು ಚುಕ್ಕೆ ಸುಟ್ಟು ನೋಡಿದರೆ ತಿಳಿದುಬಿಡುತ್ತದೆ.

ಇವೆಲ್ಲ ಶಕ್ತಿ ಕಮ್ಮಿಯಾಗುವ ದಾರಿಗಳು. ಹೆಚ್ಚಾಗುವ ದಾರಿಯೂ ಒಂದಿದೆ, ಅದನ್ನು ತಿಳಿದವರು ಕಮ್ಮಿ. ಕೆಲವು ಯಂತ್ರಗಳಲ್ಲಿ ಕ್ಯಾಲಿಬ್ರೇಷನ್ ಪೋರ್ಟ್ ಅಂತ ಒಂದು ತೂತು ಇರುತ್ತದೆ. ಹ್ಯಾಂಡ್‌ಪೀಸನ್ನು ಅದರೊಳಗೆ ಇಟ್ಟು ಹೊಡೆದರೆ ಯಂತ್ರ ತುದಿಯಲ್ಲೇ ಅಳೆದು ತಿದ್ದಿಕೊಳ್ಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ಆ ತೂತಿನೊಳಗಿನ ಸೆನ್ಸರಿನ ಗಾಜಿಗೆ ಜೆಲ್ಲು, ಧೂಳು ಬಿದ್ದಿದ್ದರೆ? ಅದಕ್ಕೆ ಬೆಳಕು ಕಮ್ಮಿ ಕಾಣುತ್ತದೆ. "ಸಾಲದು" ಅಂತ ಯಂತ್ರ ತಾನಾಗಿಯೇ ಶಕ್ತಿ ಏರಿಸಿಕೊಳ್ಳುತ್ತದೆ. ಪರದೆಯ ಮೇಲೆ "ಕ್ಯಾಲಿಬ್ರೇಷನ್ ಯಶಸ್ವಿ" ಅಂತ ಬರುತ್ತದೆ, ಚರ್ಮಕ್ಕೆ ಕೇಳಿದ್ದಕ್ಕಿಂತ ಹೆಚ್ಚು ಬೀಳುತ್ತದೆ. ಒಂದು ಒರೆಸುವ ಕಾಗದದಿಂದ ತಪ್ಪಿಸಬಹುದಾದ ಅನಾಹುತ ಇದು. ಅದಕ್ಕಾಗಿಯೇ ಯಂತ್ರದ ಸಂಬಂಧವೇ ಇಲ್ಲದ, ಹೊರಗಿನ ಮೀಟರಿನಿಂದ ಅಳೆಯಬೇಕು ಅಂತ ಹಟ ಹಿಡಿಯುತ್ತೇನೆ.

ಚಿಕ್ಕಮಗಳೂರಿನ ಆ ಬೆಳಿಗ್ಗೆ

ಫೋನು ಬಂದಿದ್ದ ಕ್ಲಿನಿಕ್ಕಿಗೇ ವಾಪಸು ಬರುತ್ತೇನೆ. ಮೊದಲು ಬಾಗಿಲು ಹಾಕಿ, ಗೋಡೆಯ ಕನ್ನಡಿಗೆ ಬಟ್ಟೆ ಮುಚ್ಚಿ, ವಾಚು ಬಿಚ್ಚಿಟ್ಟೆ. 1064ರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಲೆನ್ಸು ಅದನ್ನು ರೆಟಿನಾದ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. ಕಾಣದ್ದಕ್ಕೆ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ಹಾಗಾಗಿ ಅದೇ ತರಂಗಾಂತರಕ್ಕೆ ಮಾಡಿದ ಕನ್ನಡಕ, ನನಗೂ, ಯಂತ್ರ ನಡೆಸುವ ಹುಡುಗಿಗೂ.

ಯಂತ್ರ ಹದಿನೈದು ನಿಮಿಷ ಬೆಚ್ಚಗಾಗಲಿ ಅಂತ ಬಿಟ್ಟು ಮೀಟರ್ ಜೋಡಿಸಿದೆ. ಅದರ ತಲೆ ಒಂದು ಕಪ್ಪು ಬಿಲ್ಲೆ. ಬೆಳಕನ್ನು ಹೀರಿ ಬಿಸಿಯಾಗುತ್ತದೆ, ನಡುವಿನಿಂದ ಅಂಚಿಗೆ ಶಾಖ ಹರಿಯುವಾಗ, ಬಿಸಿಯ ವ್ಯತ್ಯಾಸವನ್ನು ವಿದ್ಯುತ್ತಾಗಿಸುವ ಥರ್ಮೊಕಪಲ್‌ಗಳಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆ, ಅದೇ ಅಳತೆ. ಇದಕ್ಕೆ ಥರ್ಮೊಪೈಲ್ ಅನ್ನುತ್ತೇವೆ. ಹಚ್ಚೆಯ ನ್ಯಾನೋಸೆಕೆಂಡ್ ಲೇಸರಿಗೆ ಇದೇ ಬಿಲ್ಲೆ ಹಿಡಿದರೆ ಕಪ್ಪು ಲೇಪ ಎದ್ದುಬರುತ್ತದೆ, ಅದಕ್ಕೆ ಬೇರೆ ತಲೆ ಬೇಕು. ಮೀಟರಿನಲ್ಲಿ ತರಂಗಾಂತರ 1064 ಅಂತ ಆರಿಸಿದೆ. ಬಿಲ್ಲೆ ಎಲ್ಲ ಬಣ್ಣವನ್ನೂ ಒಂದೇ ಸಮ ಹೀರುವುದಿಲ್ಲ, ಇದನ್ನು ಮರೆತರೆ ಮೀಟರೇ ತಪ್ಪು ಹೇಳುತ್ತದೆ.

ಪರದೆಯಲ್ಲಿ 40. ದುಂಡು 10 ಮಿಲಿಮೀಟರ್. ಅಂದರೆ ಪ್ರತಿ ಹೊಡೆತಕ್ಕೆ 31.4 ಜೂಲ್ ಬರಬೇಕು. ಒಂದು ಹೊಡೆತ, ಬಿಲ್ಲೆ ತಣಿಯುವವರೆಗೆ ಕಾಯುವುದು, ಇನ್ನೊಂದು ಹೊಡೆತ. ಬಂದದ್ದು: 22.1, 21.8, 22.0, 22.3, 21.8. ಸರಾಸರಿ 22 ಜೂಲ್. ಫ್ಲೂಯೆನ್ಸ್ 28. ಹುಡುಗಿ ಬಗ್ಗಿ ನೋಡಿ, ಪರದೆಯ 40ನ್ನೂ ಮೀಟರನ್ನೂ ಎರಡು ಸಲ ನೋಡಿದಳು. ಹೊಡೆತದಿಂದ ಹೊಡೆತಕ್ಕೆ ಅಂಕಿ ಹತ್ತಿರ ಹತ್ತಿರ ಇದೆ, ಅದು ಒಳ್ಳೆಯ ಸೂಚನೆ. ಯಂತ್ರ ಅಡ್ಡಾದಿಡ್ಡಿ ಆಗಿಲ್ಲ, ಒಂದೇ ಸಮ ಕಮ್ಮಿ ಕೊಡುತ್ತಿದೆ.

ಹ್ಯಾಂಡ್‌ಪೀಸ್ ಬಿಚ್ಚಿ ಕಿಟಕಿಯನ್ನು ಬೆಳಕಿಗೆ ಹಿಡಿದೆ. ಒಲೆಯ ಹಿಂದಿನ ಗೋಡೆಯ ಹಾಗಿತ್ತು. ಲೆನ್ಸ್ ಕಾಗದ, ಶುದ್ಧ ಆಲ್ಕೋಹಾಲ್, ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಹೊಸ ಕಾಗದ. ಮತ್ತೆ ಅಳೆದಾಗ ಸರಾಸರಿ 25.4 ಜೂಲ್, ಫ್ಲೂಯೆನ್ಸ್ 32ರ ಮೇಲೆ. ಉಳಿದದ್ದು ಲ್ಯಾಂಪಿನ ವಯಸ್ಸು. ಹೊಸದು ಹಾಕಿ, ಸರ್ವಿಸ್ ಮೆನುವಿನಲ್ಲಿ ತಿದ್ದಿ, ಮತ್ತೆ ಅಳೆದು, ಮಧ್ಯಾಹ್ನದ ಹೊತ್ತಿಗೆ 31.1 ಜೂಲಿಗೆ ಬಂತು. 40 ಕೇಳಿದರೆ 39.6.

ನನ್ನ ಮೀಟರು ಸರಿ ಅಂತ ಯಾರು ಹೇಳಬೇಕು? ಹಾಸನದ ಸಂತೆಪೇಟೆಯಲ್ಲಿ ಈರುಳ್ಳಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೂ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕು. ಮೀಟರಿಗೂ ಹಾಗೇ ಒಂದು ಸರಪಳಿ ಇದೆ. ವರ್ಷಕ್ಕೊಮ್ಮೆ ಅದು ಮಾನ್ಯತೆ ಪಡೆದ ಲ್ಯಾಬಿಗೆ ಹೋಗುತ್ತದೆ. ಆ ಲ್ಯಾಬಿನ ಮೀಟರ್ ಅದಕ್ಕಿಂತ ಮೇಲಿನದಕ್ಕೆ ಹೋಲಿಸಿದ್ದು. ಹೀಗೆ ಹತ್ತುತ್ತಾ ಹೋದರೆ ಒಂದು ದೇಶದ ಮೂಲಮಾನ ಸಿಗುತ್ತದೆ. ನಮ್ಮ ದೇಶದ ಮೂಲಮಾನಗಳನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಬೆಳಕನ್ನು ತೂಗುವ ತಕ್ಕಡಿಯ ಉಪಾಯ ಬಹಳ ಸೊಗಸಾಗಿದೆ. ಬೆಳಕು ಬಿದ್ದಾಗ ಒಂದು ಕಪ್ಪು ಗೂಡು ಎಷ್ಟು ಬಿಸಿಯಾಯಿತು ನೋಡುವುದು, ಆಮೇಲೆ ಬೆಳಕು ಮುಚ್ಚಿ ಅದೇ ಗೂಡನ್ನು ವಿದ್ಯುತ್ತಿನಿಂದ ಅಷ್ಟೇ ಬಿಸಿ ಮಾಡುವುದು. ವಿದ್ಯುತ್ತನ್ನು ಅತಿ ನಿಖರವಾಗಿ ಅಳೆಯಬಹುದಾದ್ದರಿಂದ ಬೆಳಕಿನ ಲೆಕ್ಕವೂ ಸಿಕ್ಕಿಬಿಡುತ್ತದೆ. ಒಂದು ತಟ್ಟೆಯಲ್ಲಿ ಬೆಳಕು, ಇನ್ನೊಂದರಲ್ಲಿ ಕರೆಂಟು. ಜಗತ್ತಿನ ಅತ್ಯುತ್ತಮ ಲ್ಯಾಬುಗಳಲ್ಲಿ ಈ ಗೂಡನ್ನು ದ್ರವ ಹೀಲಿಯಮ್ಮಿನ ಚಳಿಯಲ್ಲಿ ಇಟ್ಟಿರುತ್ತಾರೆ.

ವೈದ್ಯಕೀಯ ಲೇಸರುಗಳ ಅಂತರರಾಷ್ಟ್ರೀಯ ಮಾನಕ ಐಇಸಿ 60601-2-22 ಪ್ರಕಾರ, ಇಟ್ಟ ಅಂಕಿಗೂ ಕೆಲಸದ ಜಾಗದಲ್ಲಿ ಅಳೆದ ಅಂಕಿಗೂ ಶೇ. 20ಕ್ಕಿಂತ ಹೆಚ್ಚು ಅಂತರ ಇರಬಾರದು. ಮೇಲಕ್ಕೂ ಕೆಳಕ್ಕೂ. ಅಂದರೆ 40 ಇಟ್ಟರೆ 32 ಬಂದರೂ ಪಾಸು, 48 ಬಂದರೂ ಪಾಸು. ನಮ್ಮ ಚರ್ಮದ ಬದುವಿನ ಮೇಲೆ ಇದು ತೀರ ಸಡಿಲ ಅನ್ನುವುದು ನನ್ನ ಅಭಿಪ್ರಾಯ. ನಾನು ಶೇ. 10ರ ಒಳಗೆ ತರದೆ ಎದ್ದು ಬರುವುದಿಲ್ಲ. ಕಣ್ಣಿನವರನ್ನು ನೋಡಿ ಕಲಿಯಬೇಕು. ಕನ್ನಡಕ ಬಿಡಿಸುವ 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರನ್ನು ಆಪರೇಷನ್ನಿನ ದಿನ ಮೊದಲು ಪ್ಲಾಸ್ಟಿಕ್ಕಿನ ತುಂಡಿನ ಮೇಲೆ ಓಡಿಸಿ ನೋಡಿಯೇ ರೋಗಿಯನ್ನು ಮಲಗಿಸುತ್ತಾರೆ. ಚರ್ಮದ ಕೋಣೆಯಲ್ಲಿ ಆ ಶಿಸ್ತು ಇನ್ನೂ ಬರಬೇಕು.

ರಿಪೇರಿಯಾದ ಮೂರನೆಯ ದಿನ

ಕಮ್ಮಿ ಕೊಡುವ ಯಂತ್ರ ಯಾಕೆ ಅಪಾಯ ಅನ್ನುವುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಕ್ಲಿನಿಕ್ಕಿನಲ್ಲಿ ಇದೇ ಬಗೆಯ ಕೆಲಸ ಮಾಡಿದ್ದೆ. ಲ್ಯಾಂಪ್ ಬದಲಿಸಿದೆ, ಕಿಟಕಿ ಒರೆಸಿದೆ, ಅಳೆದೆ, ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಯಂತ್ರ ಕೇಳಿದಷ್ಟೇ ಕೊಡುತ್ತಿತ್ತು. ಯಂತ್ರ ನಡೆಸುವವರ ಕೈ ಮಾತ್ರ ಹಳೆಯ ಅಂಕಿಗೇ ಒಗ್ಗಿತ್ತು. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ಬಂದಿದ್ದ ಆ ಅಂಕಿಯನ್ನೇ ಮರುದಿನವೂ ಇಟ್ಟರು. ಚರ್ಮಕ್ಕೆ ಬಿದ್ದದ್ದು ಹಿಂದಿನದಕ್ಕಿಂತ ಸುಮಾರು ಒಂದೂವರೆ ಪಟ್ಟು.

ಮೂರನೆಯ ದಿನ ಫೋನು ಬಂತು. ಹೋದೆ. ಮದುವೆಗೆ ಎರಡು ವಾರ ಇದ್ದ ಹುಡುಗಿ. ಗದ್ದದ ಕೆಳಗೆ ಎರಡು ಸಾಲಿನಲ್ಲಿ ಏಳು ದುಂಡು ಗುರುತು, ಒಂದೊಂದೂ ಅಂಗಿಯ ಗುಂಡಿಯಷ್ಟು, ಅಂಚು ಕೊರೆದ ಹಾಗೆ. ಅವಳ ತಾಯಿ ನನ್ನನ್ನು ಬೈಯಲಿಲ್ಲ. "ರಿಪೇರಿ ಮಾಡಿದ ಮೇಲೆ ಹೀಗಾಯ್ತಾ?" ಅಂತ ಕೇಳಿದರು. ಹೌದು ಅಂದೆ. ಆ ಕಪ್ಪು ಕಲೆ ಮಾಸಲು ತಿಂಗಳುಗಳೇ ಹಿಡಿದವು. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ. ಅಳೆದದ್ದನ್ನು ಯಂತ್ರ ನಡೆಸುವವರಿಗೆ ಕೂತು ಹೇಳಿರಲಿಲ್ಲ, ತಪ್ಪು ಅಲ್ಲಿತ್ತು.

ಲೇಸರ್ ಮಾಡಿಸಿಕೊಳ್ಳಲು ಹೋಗುವವರಿಗೆ ಒಂದು ಮಾತು. ಈ ಯಂತ್ರವನ್ನು ಹೊರಗಿನ ಮೀಟರಿನಿಂದ ಕೊನೆಯ ಸಲ ಅಳೆದದ್ದು ಯಾವಾಗ ಅಂತ ಕೇಳಿ. ಆಮೇಲೆ ಏನಾದರೂ ರಿಪೇರಿಯಾಗಿದೆಯೇ ಕೇಳಿ. ಹೋದ ತಿಂಗಳು ನಿಮಗೆ ಒಗ್ಗಿದ್ದ ಅಂಕಿ ರಿಪೇರಿಯಾದ ಯಂತ್ರದಲ್ಲಿ ಒಗ್ಗಲೇಬೇಕೆಂದಿಲ್ಲ, ಆದ್ದರಿಂದ ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲೋ ಒಂದೆರಡು ಹೊಡೆತದ ಟೆಸ್ಟ್ ಪ್ಯಾಚ್ ಮತ್ತೆ ಮಾಡಿಸಿ, ಕೆಲವು ದಿನ ಕಾಯಿರಿ. ಕೇಳಿದ್ದಕ್ಕೆ ಸಿಡಿಮಿಡಿಗೊಂಡರೆ ಎದ್ದು ಬನ್ನಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಖುಷಿಪಡುತ್ತಾರೆ, ನಾನು ಕಂಡಿದ್ದೇನೆ.

ಅವತ್ತಿನಿಂದ ಕೆಲಸ ಮುಗಿದ ಮೇಲೆ ಪ್ರತಿ ಯಂತ್ರಕ್ಕೂ ಒಂದು ಚೀಟಿ ಅಂಟಿಸುತ್ತೇನೆ. ಮೊದಲು ಇಟ್ಟಿದ್ದು ಎಷ್ಟು, ಆಗ ನಿಜವಾಗಿ ಬರುತ್ತಿದ್ದದ್ದು ಎಷ್ಟು, ಈಗ ಬರುವುದು ಎಷ್ಟು. ಕೆಳಗೆ ಕೆಂಪು ಶಾಯಿಯಲ್ಲಿ: ಹಳೆಯ ಅಂಕಿ ಇಡಬೇಡಿ. ಯಂತ್ರ ನಡೆಸುವವರು ಅದನ್ನು ನನ್ನ ಮುಂದೆ ಗಟ್ಟಿಯಾಗಿ ಓದಬೇಕು, ಆಮೇಲೆಯೇ ಪೆಟ್ಟಿಗೆ ಮುಚ್ಚುವುದು. ಚಿಕ್ಕಮಗಳೂರಿನ ಹುಡುಗಿ ಓದಿದಳು. ಓದಿ ಸುಮ್ಮನಾಗಲಿಲ್ಲ. ರೋಗಿಗಳ ರಿಜಿಸ್ಟರ್ ತೆಗೆದು, ಇತ್ತೀಚಿನ ವಾರಗಳಲ್ಲಿ 40 ಅಂತ ಬರೆದಿದ್ದ ಒಂದೊಂದು ಹೆಸರಿನ ಪಕ್ಕದಲ್ಲೂ ಪೆನ್ಸಿಲಿನಿಂದ "ಅಳೆದಾಗ 28" ಅಂತ ಬರೆಯುತ್ತಾ ಕೂತಳು.